ಕತಗಾಲದ ಕಾಡಿನಲ್ಲಿ ಕೂಗಿದ್ದು ನಾನು

ಕತಗಾಲದ ಮೇಲಿನ ಕಾಡಿನಲ್ಲಿ ಅವತ್ತು ಸಿಂಗಳೀಕ ಬಂದಿರಲಿಲ್ಲ. ಕೂಗಿದವನು ನಾನು. ಮರದ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಬಾಯಿಗೆ ಹಿಡಿದು, ಮಂಗನಂತೆ ಕೂಗಿದೆ. ಅದಕ್ಕಾಗಿ ಮುಖದಲ್ಲಿ ಹೆಚ್ಚೇನೂ ಬದಲಾವಣೆ ಬೇಕಾಗಲಿಲ್ಲ ಎಂದು ಎಷ್ಟೋ ವೇದಿಕೆಗಳಲ್ಲಿ ನಾನೇ ಹೇಳಿ ನಗಿಸಿದ್ದೇನೆ. ಇವತ್ತು ನಗಿಸಲು ಬರೆಯುತ್ತಿಲ್ಲ. ಆ ಸುಳ್ಳಿನಿಂದ ನನ್ನ ಅತ್ತೆಯ ಒಂದು ಕಣ್ಣು ಹೋಯಿತು. ಈ ವಾಕ್ಯ ಬರೆದು ಎರಡು ಸಲ ಓದಿಕೊಂಡೆ – ಹೌದು, ಹಾಗೆಯೇ ಆದದ್ದು.

ನಾನು ಮಿಮಿಕ್ರಿ ಮಾಡುವವನು. ಕುಮಟಾ, ಹೊನ್ನಾವರ, ಭಟ್ಕಳದ ಆರತಕ್ಷತೆಗಳಲ್ಲಿ ಊಟದ ಸಾಲು ಖಾಲಿಯಾಗುವವರೆಗೆ ಜನರನ್ನು ಹಿಡಿದಿಡುವುದು ನನ್ನ ಕೆಲಸ. ಬಸ್ಸಿನ ಕಂಡಕ್ಟರ್, ಮೀನು ಮಾರುವ ಅಕ್ಕ, ನೆಗಡಿ ಹಿಡಿದ ನಾನು – ಯಾರನ್ನೂ ಬಿಟ್ಟವನಲ್ಲ. ಶಾರದತ್ತೆಯನ್ನಂತೂ ಮೊದಲಿಂದಲೂ ಬಿಟ್ಟಿಲ್ಲ.

ಶಾರದತ್ತೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ; ಹೊಳನಗದ್ದೆಯಲ್ಲಿ ನಮ್ಮ ಜೊತೆಯೇ ಇರುತ್ತಾಳೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ಕಡವೆ, ಸಿಂಗಳೀಕ, ನೀರುನಾಯಿ ತೋರಿಸಿದ್ದೇ ತೋರಿಸಿದ್ದು. ಒಂದನ್ನೂ ಅದರ ಜಾಗದಲ್ಲಿ ಕಂಡಿರಲಿಲ್ಲ. ಮೃಗಾಲಯಕ್ಕೆ ಕರೆದರೆ ಬರುತ್ತಿರಲಿಲ್ಲ. ಜೈಲಿನಲ್ಲಿ ಕೂತವನನ್ನು ನೋಡಿ ಬಂದು ಅವನ ಸಂಸಾರ ನೋಡಿದೆ ಅಂದ ಹಾಗಾಗುತ್ತದೆ ಎನ್ನುತ್ತಿದ್ದಳು.

ನಾಲ್ಕು ವರ್ಷದ ಹಿಂದೆ ಅವಳ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣಿಗೆ ಎರಡು ತಿಂಗಳು ಬಿಟ್ಟು ಮಾಡುವ ಎಂದಿದ್ದರು ಡಾಕ್ಟರು. ಆ ನಡುವೆಯೇ ಅತ್ತೆ ಪ್ರವಾಸ ಹಾಕಿದಳು. ಪಟ್ಟಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು – ಮೊದಲ ದಿನ ಹೊನ್ನಾವರದಲ್ಲಿ ಶರಾವತಿಯ ದೋಣಿ, ನೀರುನಾಯಿ. ಎರಡನೇ ದಿನ ಕತಗಾಲದ ಕಾಡು, ಸಿಂಗಳೀಕ. ಮೂರನೇ ದಿನ ಭಟ್ಕಳದ ಸಮುದ್ರ, ಡಾಲ್ಫಿನ್. ಪ್ರತಿಯೊಂದರ ಎದುರಿಗೂ 'ಕಂಡಿತು', 'ಕಾಣಲಿಲ್ಲ' ಎಂದು ಎರಡು ಮನೆ. ಊಟಕ್ಕೆ ಕೂತಾಗ ಎಲ್ಲರೆದುರೇ ಹೇಳಿದಳು:

"ಹೊಸ ಕಣ್ಣಿಗೆ ದೂರದ್ದು ಎಷ್ಟು ಕಾಣ್ತದೆ ನೋಡುವಾ. ಇದು ಪಾಸಾದ್ರೆ ಮಾತ್ರ ಎಡಗಣ್ಣನ್ನ ಡಾಕ್ಟರ ಕೈಗೆ ಕೊಡೂದು."

ಕೇಳಿಸಲಿಲ್ಲ ಎನ್ನುವ ಹಾಗಿಲ್ಲ. ಮರುಕ್ಷಣವೇ ಅದೇ ಮಾತನ್ನು ಅವಳದೇ ದನಿಯಲ್ಲಿ ಹೇಳಿ ಅಮ್ಮನನ್ನು ನಗಿಸಿದವನು ನಾನು.

ಕಾರು ನನ್ನ ಕಾಲೇಜು ಗೆಳೆಯ, ಭಟ್ಕಳದ ಇಮ್ತಿಯಾಜನದು. ಮೊದಲ ದಿನ ನೀರುನಾಯಿ ಕಾಣಲಿಲ್ಲ. ನಾವು ಬರುತ್ತೇವೆಂದು ಅದಕ್ಕೆ ಕಾಗದ ಹಾಕಿದ್ದೆವಾ ಎಂದು ಅತ್ತೆಯೇ ನಮಗೆ ಸಮಾಧಾನ ಹೇಳಿ, 'ಕಾಣಲಿಲ್ಲ' ಮನೆಯಲ್ಲಿ ಗುರುತು ಹಾಕಿದಳು. ನನಗೆ ಮರುದಿನದ್ದೇ ಚಿಂತೆ. ಸಿಂಗಳೀಕ ನನ್ನ ನೆಂಟ, ಕರೆದರೆ ಬರುತ್ತದೆ ಎಂದು ವಾರದಿಂದ ಕೊಚ್ಚಿಕೊಂಡಿದ್ದೆ.

ಎರಡನೇ ದಿನ ಬೆಳಕು ಹರಿಯುವ ಮೊದಲೇ ಹೋಗಿ ಕಾದೆವು. ಎಂಟಾಯಿತು, ಹತ್ತಾಯಿತು, ಹನ್ನೆರಡಾಯಿತು. ಅತ್ತೆ ಕಲ್ಲಿನ ಮೇಲೆ ದುರ್ಬೀನು ಹಿಡಿದು ಕೂತವಳು ಅಲುಗಲಿಲ್ಲ. ನನಗೆ ಹಸಿವು. ನಾಚಿಕೆಯೂ ಇತ್ತು – ಅವಳನ್ನು ಖುಷಿಪಡಿಸಬೇಕೆಂದು ಮಾಡಿದೆ ಎಂದು ಬರೆಯಬಹುದಿತ್ತು, ಅದು ಸುಳ್ಳು. ಕತಗಾಲದ ಹೋಟೆಲಿನಲ್ಲಿ ಊಟ ಮುಗಿದುಹೋಗುತ್ತದೆ ಎಂಬುದೇ ತಲೆಯಲ್ಲಿತ್ತು.

ಇಮ್ತಿಯಾಜನ ಕಿವಿಯಲ್ಲಿ ನನ್ನ ಉಪಾಯ ಹೇಳಿದೆ. ಅವನು ನಗಲಿಲ್ಲ.

"ಬೇಡ ಮಾರಾಯಾ. ಟೀಚರ್ ನಂಬ್ತಾರೆ."

ನಂಬುತ್ತಾರೆ ಎನ್ನುವುದನ್ನು ಅವನು ಬೇಡ ಎನ್ನಲು ಹೇಳಿದ್ದು. ಅವನು ಧೈರ್ಯ ತುಂಬಿದ ಎಂದು ನಾನು ತಿಳಿದುಕೊಂಡೆ. ಮರದ ಹಿಂದೆ ಹೋಗಿ ಕೂಗಿದೆ, ಮೂರು ಸಲ. ಆಮೇಲೆ ಓಡಿ ಬಂದು ಅವಳ ಪಕ್ಕ ಕೂತು ಮೇಲೆ ಬೆರಳು ತೋರಿಸಿದೆ.

"ಅತ್ತೆ, ಬಂತು ನೋಡು. ಆ ದೊಡ್ಡ ಕೊಂಬೆ ಮೇಲೆ."

ಎಲ್ಲಿ ಎಂದಳು. ಅಲ್ಲೇ ಎಂದೆ. ಬಿಳಿ ಕೇಸರ, ಕಪ್ಪು ಮುಖ, ಬಾಲದ ತುದಿಯಲ್ಲಿ ಕುಚ್ಚು – ಎಂಟನೇ ಇಯತ್ತೆಯಲ್ಲಿ ಅವಳೇ ನನಗೆ ಕಲಿಸಿದ್ದನ್ನೆಲ್ಲ ಅವಳಿಗೇ ಒಪ್ಪಿಸಿದೆ. ದುರ್ಬೀನು ಒರೆಸಿದಳು. ಎಡಗಣ್ಣು ಮುಚ್ಚಿ ನೋಡಿದಳು. ದುರ್ಬೀನು ತೆಗೆದು ನೋಡಿದಳು. ಮತ್ತೆ ಹಾಕಿ... ಎಷ್ಟು ಹೊತ್ತು! ಖಾಲಿ ಕೊಂಬೆಯನ್ನು ಒಬ್ಬರು ಅಷ್ಟು ಹೊತ್ತು ನೋಡುವುದನ್ನು ನಾನು ಕಂಡಿಲ್ಲ. ಕೊನೆಗೆ ಕಂಡಿತು ಎಂದಳು, ಬಹಳ ಸಣ್ಣ ದನಿಯಲ್ಲಿ. ಪಟ್ಟಿ ನನ್ನ ಕೈಗಿತ್ತು ಗುರುತು ಹಾಕಲು ಹೇಳಿದಳು. ಹಾಕಿದೆ.

ಕಾರು ಕುಮಟಾ ಹತ್ತಿರ ಬಂದಾಗ, ನಾಳೆಯ ಸಮುದ್ರ ಬೇಡ, ಕಂಡದ್ದು ಸಾಕು ಎಂದಳು. ನಮಗೆ ಇನ್ನೊಂದು ದಿನದ ಅಲೆದಾಟ ತಪ್ಪಿತಲ್ಲ ಎಂದು ನಾನು ಹಿಂದಿನ ಸೀಟಿನಲ್ಲಿ ಕಾಲು ಚಾಚಿದೆ.

ಮುಂದಿನದು ಇನ್ನೂ ಕೀಳು. ಅದನ್ನೊಂದು ಐಟಂ ಮಾಡಿದೆ. ಎರಡು ಮುಷ್ಟಿ ಕಣ್ಣಿಗೆ ಹಿಡಿದು, ಸೆರಗು ಹೊದ್ದು, 'ಎಲ್ಲಿ ತಮಾ, ಎಲ್ಲಿ' – ಹೊನ್ನಾವರದಲ್ಲೊಂದು ಮದುವೆಯಲ್ಲಿ ಮದುಮಗಳು ಕಣ್ಣೊರೆಸಿಕೊಂಡು ನಕ್ಕಳು. ಮೂರು ತಾಲೂಕಿನಲ್ಲೂ ಅದನ್ನೇ ಕೇಳಿ ಕರೆಯತೊಡಗಿದರು. ಅತ್ತೆಗೆ ಮಾತ್ರ ಗೊತ್ತಿರಲಿಲ್ಲ.

ಪ್ರವಾಸವಾಗಿ ಎರಡು ತಿಂಗಳಿಗೆ ಅಮ್ಮ ಹೇಳಿದಳು – ಅತ್ತೆ ಎಡಗಣ್ಣಿನ ಆಪರೇಶನ್ ಒಲ್ಲೆ ಎಂದಿದ್ದಾಳೆ. ಯಾಕೆಂದರೆ, ಮಾಡಿಸಿದ ಕಣ್ಣಿಗೇ ಕೊಂಬೆಯ ಮೇಲಿನ ಮಂಗ ಕಾಣಲಿಲ್ಲವಂತೆ. ಹುಡುಗರಿಬ್ಬರಿಗೂ ಕಂಡದ್ದು ತನಗೊಬ್ಬಳಿಗೆ ಕಾಣಲಿಲ್ಲವಂತೆ. ಅವರ ಖುಷಿ ಹಾಳಾಗಬಾರದೆಂದು ಕಂಡಿತು ಅಂದಳಂತೆ. ಅವಳೂ ಸುಳ್ಳು ಹೇಳಿದ್ದಳು – ನಮಗಾಗಿ.

ಅವತ್ತೇ ಹೇಳಬೇಕಿತ್ತು. ಅಡುಗೆಮನೆಯಿಂದ ಅವಳ ಕೋಣೆಗೆ ಹತ್ತು ಹೆಜ್ಜೆ. ಆ ವಾರ ಭಟ್ಕಳದಲ್ಲಿ ಕಾರ್ಯಕ್ರಮವಿತ್ತು, ಮುಂದಿನ ವಾರ ಇನ್ನೊಂದು. ಸತ್ಯ ಹೇಳಿದ ಮೇಲೆ ಆ ಐಟಂ ಮಾಡುವುದು ಹೇಗೆ? ಇಮ್ತಿಯಾಜ್ ಸಿಕ್ಕಾಗಲೆಲ್ಲ ಹೇಳಿದೆಯಾ ಎಂದು ಕೇಳುತ್ತಿದ್ದ. ಆಮೇಲೆ ಸಿಗುವುದನ್ನೇ ಕಡಿಮೆ ಮಾಡಿದ. ವಯಸ್ಸಾದವರ ಹಟ ಎಂದು ಮನೆಯವರೆಲ್ಲ ಸುಮ್ಮನಾದರು. ನಾನೂ ಅವರ ಜೊತೆ ತಲೆಯಾಡಿಸಿದೆ.

ಕಳೆದ ಮಳೆಗಾಲದಲ್ಲಿ ಅವಳ ಎಡಗಣ್ಣು ಕೆಂಡದ ಹಾಗೆ ಕೆಂಪಾಯಿತು. ತಲೆಯ ಆ ಪಕ್ಕ ಹಿಡಿದುಕೊಂಡು ವಾಂತಿ ಮಾಡಿದಳು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಪೊರೆ ಬಲಿತು, ಕಣ್ಣಿನ ಒಳಗಿನ ಒತ್ತಡ ಏರಿ ನರ ಸತ್ತಿದೆ, ದೃಷ್ಟಿ ಮರಳಿ ಬರುವುದಿಲ್ಲ ಎಂದರು. ಆಮೇಲೆ ಬಲಗಣ್ಣು ಪರೀಕ್ಷಿಸಿದರು. ಗೋಡೆಯ ಅಕ್ಷರಗಳನ್ನು ಅತ್ತೆ ಮೇಲಿನಿಂದ ಓದುತ್ತ ಹೋದಳು – ಒಂದೂ ತಪ್ಪದೆ, ಕೊನೆಯ ಸಾಲಿನ ತನಕ. ಈ ಕಣ್ಣು ಇಷ್ಟು ಚೆನ್ನಾಗಿರುವಾಗ ಇನ್ನೊಂದನ್ನು ಯಾಕೆ ಬಿಟ್ಟಿರಿ ಎಂದು ಡಾಕ್ಟರು ಕೇಳಿದರು. ಅತ್ತೆ ಅವರನ್ನೇ ಕೇಳಿದಳು:

"ಹಾಗಾದ್ರೆ ಮಂಗ ಯಾಕೆ ಕಾಣಲಿಲ್ಲ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನು ಬಾಗಿಲ ಬಳಿ ಔಷಧಿಯ ಚೀಟಿ ಹಿಡಿದು ನಿಂತಿದ್ದೆ. ಅಲ್ಲಿಯೂ ಬಾಯಿ ಬರಲಿಲ್ಲ – ನೂರು ಜನರ ದನಿ ತೆಗೆಯುವ ಬಾಯಿ.

ಮರುದಿನ ಮಧ್ಯಾಹ್ನ ಅವಳು ಜಗಲಿಯಲ್ಲಿ ಕೂತು ಅಲಸಂದೆ ಬಿಡಿಸುತ್ತಿದ್ದಾಗ ಹೇಳಿದೆ. ಮರದ ಹಿಂದಿನದು, ಹೋಟೆಲಿನ ಊಟ, ವೇದಿಕೆಯ ಮುಷ್ಟಿ, ಮದುಮಗಳ ನಗು, ಎಲ್ಲ. ಆ ಐಟಂ ಇನ್ನು ಮಾಡುವುದಿಲ್ಲ ಎಂದೆ. ಯಾರಿಗೆ ಬೇಕಿತ್ತು ಆ ಮಾತು. ಅತ್ತೆ ಒಂದೇ ಕೇಳಿದಳು, ಮರದ ಮೇಲೆ ಎಂತದೂ ಇರಲಿಲ್ಲವಾ ಎಂದು. ಇರಲಿಲ್ಲ ಎಂದೆ.

ಅಷ್ಟಕ್ಕೇ ನಿಲ್ಲಿಸದೆ ನಾನು ಇನ್ನೊಂದು ಮಾತು ಸೇರಿಸಿದೆ – ಕ್ಷಮೆ ಕೇಳುವಾಗಲೂ ನನ್ನ ಕಸುಬನ್ನೇ ಹೊಗಳಿಕೊಂಡೆನಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ಕೂಗು ಅಷ್ಟು ತದ್ರೂಪು ಬಂದುಬಿಟ್ಟಿತ್ತು ಅತ್ತೆ, ಯಾರಿದ್ದರೂ ನಂಬುತ್ತಿದ್ದರು ಎಂದೆ.

ಅತ್ತೆ ಆ ಒಂದು ಕಣ್ಣಿನಿಂದ ನನ್ನನ್ನು ನೇರ ನೋಡಿದಳು.

"ಕೂಗಿದ್ದು ನೀನೇ ಅಂತ ನಂಗೆ ಆಗ್ಲೇ ಗೊತ್ತಿತ್ತು ತಮಾ. ನೀನು ಮಂಗನ್ನ ಕರೀತಿದ್ದೆ ಅಂದ್ಕಂಡೆ. ನಾನು ನಂಬಿದ್ದು ಕೂಗನ್ನಲ್ಲ. ಬಂತು ಅಂದ್ಯಲ್ಲ, ಅದನ್ನ."