ಹೆಂಚಿನ ಸಾಹೇಬರ ಬಿರುದು

ಇಂಗ್ಲೆಂಡಿನ ಹೆಡಿಂಗ್ಲೀಯಲ್ಲಿ ನಮ್ಮ ಪಕ್ಕದ ಮನೆಯಾಕೆ ನಿವೃತ್ತ ಟೀಚರ್, ಎಂಬತ್ತು ದಾಟಿದವರು. ಹೋದ ವರ್ಷ ಒಂದು ಶನಿವಾರ ಹಳೆಯ ಡೈರಿಯೊಂದನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದರು. ಬ್ರಿಟಿಷರ ಕಾಲದಲ್ಲಿ ಅವರ ಅಜ್ಜ ಒಂದು ವರ್ಷ ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದರಂತೆ. ಆ ವರ್ಷದ ಮುಖ್ಯ ಘಟನೆಗಳನ್ನು ಆಕೆ ಲೈಬ್ರರಿಯ ಇತಿಹಾಸ ಕೂಟದಲ್ಲಿ ಓದಬೇಕಿತ್ತು. ನಾನು ಮಂಗಳೂರಿನವಳಲ್ಲವೇ, ಉಚ್ಚಾರ ಕೇಳಿಕೊಳ್ಳಲು ಬಂದಿದ್ದರು.

ದಂಗೆಯೋ ಹುಲಿಬೇಟೆಯೋ ಇದ್ದೀತೆಂದು ಆಸೆಯಿಂದ ಪುಟ ತಿರುವಿದೆ. ಫೆಬ್ರವರಿಯಲ್ಲಿ ಸಾಹೇಬರ ಟೋಪಿಯನ್ನು ದನ ತಿಂದಿತ್ತು. ಏಪ್ರಿಲ್‌ನಲ್ಲಿ ಅಡುಗೆಯವನು ಮುನಿಸಿಕೊಂಡು ಹೋಗಿ, ಮೂರು ದಿನ ಬರೀ ಬಾಳೆಹಣ್ಣು. ವರ್ಷಪೂರ್ತಿ ಒಬ್ಬ ಕೆಲಸದವನ ಹೆಸರೂ ಇಲ್ಲ. ದನಕ್ಕೆ ಮಾತ್ರ ಹೆಸರಿತ್ತು. ಜೂನ್‌ನಲ್ಲಿ, ಎಲ್ಲರೂ ಬೇಡವೆಂದರೂ ಕೇಳದೆ, ಹಸಿ ಹೆಂಚುಗಳನ್ನು ಅಂಗಳದಲ್ಲಿ ಒಣಗಲು ಹಾಕಿಸಿದ್ದರು. ಮಧ್ಯಾಹ್ನದ ಮಳೆಗೆ ಅಷ್ಟೂ ಕೆಸರು. ಅದರ ಕೆಳಗೆ ಬರೆದಿದ್ದರು: ‘ಇಷ್ಟಾದರೂ ಕೆಲಸದವರು ನನ್ನನ್ನು ನೋಡಿ ಮಂಡೆ ಸಮ ಇಲ್ಲ ಎಂದರು. ಮಂಡೆಯೆಂದರೆ ತಲೆ, ಅಂದರೆ ಮುಖ್ಯಸ್ಥ. ಸಮನಿಲ್ಲದ ಮುಖ್ಯಸ್ಥ!’

ನಮ್ಮ ಕಡೆ ಹಾಗೆಂದರೆ ತಲೆ ಕೆಟ್ಟಿದೆ ಎಂದರ್ಥ.

“ಪ್ರತಿ ಕ್ರಿಸ್‌ಮಸ್‌ಗೆ ನಮ್ಮನೇಲಿ ಗ್ಲಾಸ್ ಎತ್ತಿ ಇದನ್ನೇ ಹೇಳ್ತೀವಿ. ಉಚ್ಚಾರ ಸರೀನಾ?” ಎಂದು ಆಕೆ ಕೇಳಿದರು.

“ಸರಿ ಉಂಟು,” ಎಂದಷ್ಟೇ ಹೇಳಲು ಸಾಧ್ಯವಾಯಿತು.

ಸಂಜೆ ಗಂಡನಿಗೆ ಹೇಳಿದರೆ, ಬೆಂಗಳೂರಿನ ಆ ಮನುಷ್ಯ ಸೋಫಾದಲ್ಲಿ ಹೊರಳಾಡಿ ನಕ್ಕ. “ಮೀಟಿಂಗಿಗೆ ಮುಂಚೆ ಹೇಳ್ಬಿಡೇ, ಪಾಪ.”

“ನೀನೇ ಹೇಳು ನೋಡುವ.”

ಇಬ್ಬರೂ ಹೇಳಲಿಲ್ಲ. ಕೂಟದ ದಿನ ಆಕೆ ಓದಿ ಮುಗಿಸಿ, ಹನ್ನೆರಡು ಜನರನ್ನೂ ಎಬ್ಬಿಸಿ, ಟೀ ಕಪ್ ಎತ್ತಿಸಿ, “ಮಂಡೆ ಸಮ ಇಲ್ಲ!” ಎಂದು ಒಕ್ಕೊರಲಿನಿಂದ ಕೂಗಿಸಿದರು. ನನ್ನ ಟೀ ಮೂಗಿಗೆ ಹತ್ತಿತು. ಬಿಸ್ಕತ್ತು ಸಿಕ್ಕಿಕೊಂಡಿತೆಂದು ಸುಳ್ಳು ಹೇಳಿದೆ.

ಬಸ್ ಸ್ಟಾಪಿನಲ್ಲಿ ಆಕೆ ನನ್ನ ಮೊಣಕೈ ಹಿಡಿದರು. “ನಾನು ಜೀವಮಾನವೆಲ್ಲ ಮಕ್ಕಳಿಗೆ ಪಾಠ ಮಾಡಿದವಳು. ನಗು ತಡೆಯೋ ಮುಖ ಹೇಗಿರತ್ತೆ ಅಂತ ಗೊತ್ತು. ಏನದು, ಹೇಳು.”

ಹೇಳಿದೆ. ನಮ್ಮ ಬಸ್ಸು ಬಂದು ನಿಂತು ಹೊರಟೂ ಹೋಯಿತು. ಇಂಥ ವಯಸ್ಸಿನಲ್ಲಿ ಇವರ ಕ್ರಿಸ್‌ಮಸ್ ಕೆಡಿಸಿದೆನಲ್ಲ ಎಂದು ನನಗೆ ಅಳುವೇ ಬಂತು.

“ನಮ್ಮಜ್ಜಿ ಸಾಯೋವರೆಗೂ ಅಜ್ಜನಿಗೆ ಅದನ್ನೇ ಹೇಳ್ತಿದ್ರು,” ಎಂದರು ಆಕೆ ಕೊನೆಗೆ. “ಇಂಗ್ಲಿಷಲ್ಲಿ.” ಆಮೇಲೆ ಕಂಬ ಹಿಡಿದುಕೊಂಡು ನಗತೊಡಗಿದರು. ಮುಂದಿನ ಬಸ್ಸಿನ ಡ್ರೈವರ್ ಇಬ್ಬರನ್ನೂ ಅನುಮಾನದಿಂದ ನೋಡಿದ.

ಮುಂದಿನ ತಿಂಗಳ ಕೂಟದಲ್ಲಿ ಆಕೆಯೇ ಎದ್ದುನಿಂತು ತಿದ್ದುಪಡಿ ಓದಿದರು. ಟೀ ಹೊತ್ತಿಗೆ ಮುದುಕರೊಬ್ಬರು ಪೆನ್ಸಿಲ್ ಹಿಡಿದು ನನ್ನ ಬಳಿ ಬಂದು, ನಿಮ್ಮೂರಿನಲ್ಲಿ ಇಂಥ ಬೈಗುಳ ಇನ್ನೂ ಯಾವುದಿದೆ, ನಿಧಾನವಾಗಿ ಹೇಳಿ ಎಂದರು.