ಗೊತ್ತಮ್ಮ ಗಾಜಿನಂಗಡಿ ಸೇರಿದ್ದು

ಹೊಲಿಗೆಯವಳ ಮಗಳಿಗೆ ಬಟ್ಟೆ ಮುಟ್ಟಿದರೆ ಆಗುತ್ತಿರಲಿಲ್ಲ. ಚರ್ಮದ ಕಾಯಿಲೆಯೇನೂ ಅಲ್ಲ. ಯಾರಾದರೂ ತೊಟ್ಟು ಬಿಚ್ಚಿದ ಬಟ್ಟೆಗೆ ಅವಳ ಬರಿಗೈ ತಗುಲಿದರೆ ಸಾಕು, ಅವರಿಗೆ ನಾಳೆಯೋ ನಾಡಿದ್ದೋ ಆಗಲಿರುವುದರ ಒಂದು ಚೂರು ಕಣ್ಣ ಮುಂದೆ ಬಂದು ಹೋಗುತ್ತಿತ್ತು.

ಮೊದಲು ಬಂದದ್ದು ಐದನೇ ವಯಸ್ಸಿನಲ್ಲಿ. ಬಸ್ ಓಡಿಸುತ್ತಿದ್ದ ಅಪ್ಪನ ಸಮವಸ್ತ್ರದ ಕೋಟು ಹಿಡಿದುಕೊಂಡು, "ಅಪ್ಪನ ಕಾಲಿಗೆ ಬಿಳಿ ಕಟ್ಟು" ಎಂದು ಅತ್ತಳು. ಮೂರನೇ ದಿನ ಅಪ್ಪ ಡಿಪೋ ಮೆಟ್ಟಿಲಲ್ಲಿ ಜಾರಿ ಮೊಣಕಾಲಿನವರೆಗೆ ಕಟ್ಟು ಹಾಕಿಸಿಕೊಂಡು ಬಂದ. "ನಂಗೊತ್ತು" ಅಂದಳು ಮಗು. ಅಂದಿನಿಂದ ಬೀದಿಯವರಿಗೆಲ್ಲ ಅವಳು ಗೊತ್ತಮ್ಮ. ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಅಮ್ಮನ ಹೊಲಿಗೆ ಅಂಗಡಿಗೆ ಗುಂಡಿ ಕಿತ್ತುಹೋದ ಅಂಗಿಗಳು ಬರತೊಡಗಿದವು. ಒಂದೇ ವಾರದಲ್ಲಿ ಇಪ್ಪತ್ತು ಮೂವತ್ತು. ಅಮ್ಮ ದಾರದ ತುದಿ ನೋಡಿ, "ಇದು ಕಿತ್ತುಹೋಗಿದ್ದಲ್ಲ, ಕತ್ತರಿಯಲ್ಲಿ ಕತ್ತರಿಸಿದ್ದು" ಎಂದು ಗೊಣಗುತ್ತಿದ್ದಳು. ಆದರೆ ಯಾರನ್ನೂ ವಾಪಸ್ ಕಳಿಸಲಿಲ್ಲ. ಅಂಗಿ ಮಗಳ ಕೈಗೆ ಹೋಗುತ್ತಿತ್ತು, ಮಗಳು ಕಂಡದ್ದನ್ನು ಹೇಳುತ್ತಿದ್ದಳು. ಕಾಣುತ್ತಿದ್ದದ್ದಾದರೂ ಏನು? ಅಂಚೆಯವನು ಏಳು ಸಲ ಸೀನುವುದು. ರೊಟ್ಟಿ ಅಂಗಡಿಯವಳು ತಲೆಯ ಮೇಲೇ ಇರುವ ಕನ್ನಡಕಕ್ಕಾಗಿ ಮನೆಯೆಲ್ಲ ಹುಡುಕುವುದು. ಜನರಿಗೆ ಅಷ್ಟು ಸಾಲದು. "ಇಷ್ಟೇನಾ? ಸರಿಯಾಗಿ ನೋಡಮ್ಮ" ಎಂದು ಅಂಗಿಯ ತೋಳನ್ನು ಮತ್ತೆ ಅವಳ ಕೈಗೆ ತುರುಕುವರು. ಅವಳು ಬಿಡಿಸಿಕೊಳ್ಳಲು ಅಷ್ಟಿಷ್ಟು ಸೇರಿಸಿ ಹೇಳುವಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ ಅವಳದಾಯಿತು.

ಹದಿನಾರು ತುಂಬುವಷ್ಟರಲ್ಲಿ ಹುಡುಗಿಗೆ ಸಾಕುಸಾಕಾಗಿತ್ತು. ಶಾಲೆಯಲ್ಲಿ ಅವಳ ಪಕ್ಕ ಕೂರುತ್ತಿದ್ದ ಗೆಳತಿ ಒಂದು ದಿನ ತನ್ನ ಸ್ವೆಟರ್ ಬಿಚ್ಚಿ ಅವಳ ಕೈಗಿಟ್ಟು, "ನೋಡೇ, ಅವನು ನನ್ನ ಹತ್ರ ಮಾತಾಡ್ತಾನಾ?" ಎಂದಳು. ಗೊತ್ತಮ್ಮನಿಗೆ ಕಂಡದ್ದು ಗೆಳತಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಎರಡು ದಿನ ಬಿಟ್ಟು ಹಾಗೇ ಆಯಿತು. ಮೂರನೇ ದಿನ ಗೆಳತಿ ಹಿಂದಿನ ಬೆಂಚಿಗೆ ಹೋಗಿ ಕೂತಳು.

ಆಮೇಲೆ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತಾದಳು. ಕೂತರೆ ಕೂರಲಾರಳು, ನಿಂತರೆ ನಿಲ್ಲಲಾರಳು. ಶಾಲೆ ಬಿಟ್ಟ ಮೇಲೆ ಮೂರು ಬೀದಿ ಸುತ್ತು ಹಾಕಿ ಮನೆಗೆ ಬರುವಳು, ಬಂದವಳೇ ಮತ್ತೆ ಹೊರಡುವಳು. ಹಾಗೆ ಸುತ್ತುವಾಗಲೇ ಗಾಜಿನಂಗಡಿಯ ಬಾಗಿಲಲ್ಲಿ "ಕೆಲಸಕ್ಕೆ ಜನ ಬೇಕಾಗಿದ್ದಾರೆ" ಎಂಬ ಚೀಟಿ ಕಂಡದ್ದು. ಸರ್ರನೆ ಒಳಗೆ ಹೋದಳು.

ಅಂಗಡಿಯವನನ್ನು ಎಲ್ಲರೂ ಗಾಜಣ್ಣ ಎನ್ನುತ್ತಿದ್ದರು. ಐವತ್ತು ದಾಟಿದವನು, ಮಾತು ಕಮ್ಮಿ. "ಹೊಲಿಗೆಯವಳ ಮಗಳಿಗೆ ಇಲ್ಲೇನು ಕೆಲಸ?" ಎಂದ.

"ಗಾಜು ಏನೂ ಹೇಳಲ್ಲ ಗಾಜಣ್ಣ, ಅದಕ್ಕೇ."

"ಯಾರು ಹೇಳಿದ್ದು? ಕೊಯ್ಯುವಾಗ ಕಿವಿಗೊಟ್ಟು ಕೇಳು. ಸದ್ದು ಒಂದೇ ಸಮ ಬಂದ್ರೆ ಗೆರೆ ಸರಿ ಬಿದ್ದಿದೆ. ತಡವರಿಸಿದ್ರೆ ಕೆಟ್ಟಿತು ಅಂತ."

ಮನೆಯಲ್ಲಿ ಅಮ್ಮ ಹಾರಾಡಿದಳು. "ಕಂಡವರ ಮನೆ ಕಿಟಕಿ ಕೂರಿಸೋಕೆ ಹೋಗ್ತೀಯಾ? ಇಲ್ಲಿ ಜನ ನಿನ್ನನ್ನೇ ಕೇಳ್ಕೊಂಡು ಬರ್ತಾರಲ್ಲೇ!"

"ನನ್ನನ್ನ ಯಾರಮ್ಮ ಕೇಳ್ತಾರೆ? ಎಲ್ಲ ತಮ್ಮತಮ್ಮದೇ ಕೇಳ್ತಾರೆ."

ಮೊದಲ ತಿಂಗಳಲ್ಲಿ ಹನ್ನೊಂದು ಗಾಜು ಒಡೆದಳು. ಪ್ರತಿ ಸಲವೂ ಅವಳ ಮುಖ ಅರಳುತ್ತಿತ್ತು. "ಒಡೆಯುತ್ತೆ ಅಂತ ಗೊತ್ತೇ ಇರಲಿಲ್ಲ ಗಾಜಣ್ಣ!" ಎಂದು ಹಿಗ್ಗಿನಿಂದ ಹೇಳುವಳು. ಗಾಜಣ್ಣ ಪೊರಕೆ ತೋರಿಸುವನು, ಅಷ್ಟೇ. ಅಲ್ಲಿ ಕೈಗೆ ಯಾವಾಗಲೂ ಚರ್ಮದ ಗವಸು, ಸುತ್ತಲೂ ಯಾರ ಸುದ್ದಿಯೂ ಇಲ್ಲದ ಗಾಜು.

ನಾಲ್ಕನೇ ತಿಂಗಳು ಅವಳು ಗವಸು ಕಳಚಿ ಕಿಟಕಿ ಚೌಕಟ್ಟಿಗೆ ಮೆತ್ತುವ ಪುಟ್ಟಿ ನಾದುತ್ತಿದ್ದಳು. ಹೊರಗಿನಿಂದ ಬಂದ ಗಾಜಣ್ಣ "ಹಿಡ್ಕೊ" ಎಂದು ಕೋಟು ಎಸೆದ. ಹಿಡಿದಳು. ಕಣ್ಣ ಮುಂದೆ ಬಂತು: ಗಾಜಣ್ಣ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಾನೆ, ಬಲಗೈ ಮಣಿಕಟ್ಟು ಸೊಟ್ಟಗಾಗಿದೆ, ಸುತ್ತ ಗಾಜಿನ ಚೂರು, ಚೂರುಚೂರಲ್ಲೂ ಆಕಾಶ.

ಮರುದಿನ ಭಾನುವಾರ, ಶಾಲೆಯೊಂದರ ಎತ್ತರದ ಕಿಟಕಿಗಳಿಗೆ ಗಾಜು ಕೂರಿಸುವುದಿತ್ತು. ಉದ್ದನೆಯ ಏಣಿ ಆಗಲೇ ಬಾಗಿಲಿಗೆ ಒರಗಿತ್ತು.

ಇನ್ನು ಯಾರಿಗೂ ಏನೂ ಹೇಳುವುದಿಲ್ಲವೆಂದು ಅವಳು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು. ಹೇಳಿದರೆ ಇಲ್ಲಿಯೂ ಗೊತ್ತಮ್ಮ. ಹೇಳದಿದ್ದರೆ? ಗುಡಿಸಿದ ಅಂಗಡಿಯನ್ನೇ ನಾಲ್ಕು ಸಲ ಗುಡಿಸಿದಳು. ಮನೆಗೆ ಬಂದು ಅಮ್ಮನ ದಾರದ ಉಂಡೆಗಳನ್ನು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು.

"ಏನೇ ಅದು, ಸುಮ್ನಿರಲಾರ್ದೆ ಇರುವೆ ಬಿಟ್ಕೊಂಡವಳ ಥರ?" ಅಂದಳು ಅಮ್ಮ.

ಮಗಳು ಎಲ್ಲವನ್ನೂ ಹೇಳಿದಳು. ಅಮ್ಮ ಮಷೀನು ನಿಲ್ಲಿಸಿದಳು.

"ನನ್ನ ಬಟ್ಟೆ ನೀನು ಒಂದಿನಾನಾದ್ರೂ ಮುಟ್ಟಿದೀಯಾ?"

ಮಗಳು ಯೋಚಿಸಿದಳು. ಇಲ್ಲ. ಅಮ್ಮ ತನ್ನ ಬಟ್ಟೆ ತಾನೇ ಒಗೆದು, ತಾನೇ ಮಡಿಸಿ ಎತ್ತಿಡುತ್ತಿದ್ದಳು.

"ನಾನೇ ಬಿಟ್ಟಿಲ್ಲ. ಭಯ ಕಣೇ. ನಂಗೇನಾಗುತ್ತೋ ಅಂತ ತಿಳ್ಕೊಳೋಕೆ ಭಯ. ಊರವರದ್ದೆಲ್ಲ ನಿನ್ನ ಕೈಗೆ ಕೊಟ್ಟೆ, ನಂದು ಮಾತ್ರ ಬಚ್ಚಿಟ್ಕೊಂಡೆ."

ಮಗಳಿಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಮೆಟ್ಟಿ ಹೊರಗೆ ಹೋಗಿ, ಅದೇ ಮೂರು ಬೀದಿಗಳನ್ನು ಎರಡು ಸಲ ಸುತ್ತಿದಳು.

ಬೆಳಿಗ್ಗೆ ಗಾಜಣ್ಣನಿಗೆ ಹೇಳಿಯೇಬಿಟ್ಟಳು.

"ಏಣಿಯಿಂದ ಬೀಳ್ತೀನಾ?"

"ಹೂಂ" ಅಂದಳು, ಹಿಂದೆಮುಂದೆ ನೋಡದೆ.

ಗಾಜಣ್ಣ ನಗಲಿಲ್ಲ. "ಹಾಗಾದ್ರೆ ಕಟ್ಟು" ಎಂದ. ಶಾಲೆಯ ಅಂಗಳದಲ್ಲಿ ಅವಳು ಏಣಿಯ ಬುಡವನ್ನು ಹಗ್ಗದಿಂದ ಎರಡೂ ಕಡೆಯ ಕಂಬಕ್ಕೆ ಬಿಗಿದು, ಕೆಳಗಿನ ಮೆಟ್ಟಿಲ ಮೇಲೆ ತಾನೇ ಕೂತಳು. ಅವನು ಆರು ಗಾಜು ಕೂರಿಸಿ, ಕೂದಲೂ ಕೊಂಕದೆ ಇಳಿದು ಬಂದ. "ನೋಡಿದ್ಯಾ?" ಎಂದು ಮೊದಲ ಸಲ ಹಲ್ಲು ಬಿಟ್ಟ. ಕೆಳಗಿನ ಬಾಗಿಲಿಗೆಂದು ಉಳಿದಿದ್ದ ಒಂದು ಗಾಜನ್ನು ಎತ್ತಿಕೊಂಡು ತಿರುಗಿದ. ಕಂಬಕ್ಕೆ ಬಿಗಿದಿದ್ದ ಹಗ್ಗ ಕಾಲಿಗೆ ಸಿಕ್ಕಿತು.

ಮಗ್ಗುಲಾಗಿ ಬಿದ್ದ. ಮಣಿಕಟ್ಟು ಸೊಟ್ಟಗಾಯಿತು. ಚೂರುಚೂರಲ್ಲೂ ಆಕಾಶ.

"ಏಣಿ ಅಂದ್ಯಲ್ಲೇ!" ಬಿದ್ದಲ್ಲಿಂದಲೇ ಗಾಜಣ್ಣ ಕೂಗಿದ.

ಅವಳು ಅವನ ಬಳಿಗೆ ಓಡಿದಳು. "ಏಣಿ... ಏಣಿ ನಾನು ನೋಡೇ ಇಲ್ಲ ಗಾಜಣ್ಣ." ಕಂಡದ್ದು ನೆಲ, ಕೈ, ಚೂರು. ಏಣಿ ಅವಳೇ ಊಹೆಯಲ್ಲಿ ತಂದು ಒರಗಿಸಿಕೊಂಡದ್ದು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಅತ್ತಳು. "ನಾನು ಹೇಳದೇ ಇದ್ದಿದ್ರೆ ಹಗ್ಗಾನೇ ಇರ್ತಿರಲಿಲ್ಲ."

"ಹಗ್ಗ ಇಲ್ದಿದ್ರೆ ಮೇಲಿಂದ ಬಿದ್ದು ಸೊಂಟ ಮುರೀತಿತ್ತೇನೋ. ಯಾರಿಗ್ಗೊತ್ತು?" ಎಂದ ಗಾಜಣ್ಣ, ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು.

ಅವಳೆದುರು ಯಾರಿಗ್ಗೊತ್ತು ಎಂಬ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಅಳು ಅರ್ಧಕ್ಕೇ ನಿಂತಿತು.

ಮುಂದಿನ ಆರು ವಾರ ಶಾಲೆ ಬಿಟ್ಟೊಡನೆ ಬಂದು ಗಾಜು ಕೊಯ್ದವಳು ಅವಳೇ. ಗಾಜಣ್ಣ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಸದ್ದು ತಡವರಿಸಿದಾಗಲೆಲ್ಲ "ಕೆಟ್ಟಿತು" ಎನ್ನುತ್ತಿದ್ದ. ಐದನೇ ವಾರದ ಹೊತ್ತಿಗೆ ಅವನು ಆ ಮಾತು ಆಡದೆ ಇಡೀ ದಿನಗಳು ಕಳೆಯತೊಡಗಿದವು. ಗುಂಡಿ ಕತ್ತರಿಸಿಕೊಂಡು ಬಂದವರಿಗೆ ಅವಳೀಗ, "ನಂಗೆ ಕಾಣೋದು ಒಂದು ಚೂರು, ಉಳಿದದ್ದು ನನ್ನ ಊಹೆ" ಎಂದು ನೇರವಾಗಿ ಹೇಳುತ್ತಿದ್ದಳು. ಜನರಿಗೆ ಅದು ರುಚಿಸಲಿಲ್ಲ. ಬೀದಿಯವರ ಅಂಗಿ ಗುಂಡಿಗಳೆಲ್ಲ ಇದ್ದಕ್ಕಿದ್ದಂತೆ ಗಟ್ಟಿಯಾದವು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅಮ್ಮ ತಾನು ಬಿಚ್ಚಿದ ಬಟ್ಟೆಯನ್ನು ಮಗಳ ಮಡಿಲಿಗೆ ಹಾಕಿ ಮುಖ ತಿರುಗಿಸಿ ನಿಂತಳು. "ನೋಡು. ಏನಿದ್ರೂ ಹೇಳು."

ಮಗಳು ಮುಟ್ಟಿದಳು. "ಸೂಜಿಗೆ ದಾರ ಪೋಣಿಸ್ತಿದೀಯ. ಹೋಗ್ತಿಲ್ಲ. ಮತ್ತೆ ಎಂಜಲು ಹಚ್ತಿದೀಯ."

"ಆಮೇಲೆ?"

"ಅಷ್ಟೇ."

"ಹನ್ನೊಂದು ವರ್ಷ ಇದಕ್ಕಾ ಹೆದರಿದ್ದು!" ಎಂದು ಅಮ್ಮ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮರುದಿನ ಇಬ್ಬರೂ ಹೋಗಿ ಅಮ್ಮನಿಗೆ ಕನ್ನಡಕ ಮಾಡಿಸಿಕೊಂಡು ಬಂದರು.

ಈಗ ಅವಳಿಗೆ ಮೂವತ್ತನಾಲ್ಕು. ಅಂಗಡಿ ನಡೆಸುವವಳು ಅವಳೇ. ಗಾಜಣ್ಣ ಬರುತ್ತಾನೆ, ತಪ್ಪು ಹುಡುಕುತ್ತಾನೆ, ಹೋಗುತ್ತಾನೆ. ಚೂರುಗಳು ಇನ್ನೂ ಕಾಣುತ್ತವೆ. ಕೆಲವು ಸಲ ಹೇಳುತ್ತಾಳೆ, ಕೆಲವು ಸಲ ನುಂಗಿಕೊಳ್ಳುತ್ತಾಳೆ. ಯಾವುದು ಸರಿ ಎಂದು ಮಾತ್ರ ಇವತ್ತಿಗೂ ತಿಳಿದಿಲ್ಲ. ಹಾಗಾಗಿ ಆ ಚಡಪಡಿಕೆ ಅವಳನ್ನು ಬಿಟ್ಟುಹೋಗಲಿಲ್ಲ. ಅದು ಹೆಚ್ಚಾದ ದಿನ ಕೆಲಸದವರನ್ನು ಕೆಳಗೆ ನಿಲ್ಲಿಸಿ, ಎಲ್ಲಕ್ಕಿಂತ ಎತ್ತರದ ಕಿಟಕಿಗೆ ತಾನೇ ಹತ್ತುತ್ತಾಳೆ. ಚಹಾ ಆರುತ್ತಿದೆ ಎಂದು ಕೆಳಗಿನಿಂದ ಕೂಗುತ್ತಾರೆ. ಅವಳು ಎರಡು ಸಲ ಅಳೆದ ಚೌಕಟ್ಟಿಗೆ ಮತ್ತೆ ಟೇಪು ಹಿಡಿಯುತ್ತಾಳೆ.