ತಿಗರಿ ಗ್ಯಾಲಕ್ಸಿಯ ತೊಟ್ಟುಗಳು

ತಿಗರಿ ಎಂಬ ಗ್ಯಾಲಕ್ಸಿಯನ್ನು ಸೃಷ್ಟಿಸಿದವಳು ನಾನು ಎಂದು ಎರಡು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಕುಂಬಾರನ ಚಕ್ರದಂತೆ ಸುತ್ತುವ ಅದರ ನಡುವಿನ ಬೆಳಕು, ಸುತ್ತಲಿನ ಏಳು ಲೋಕಗಳು, ಅಲ್ಲಿನ ಜನ ಎಲ್ಲವೂ ನಾನು ಬರೆಯುತ್ತಿರುವ ವೈಜ್ಞಾನಿಕ ಕಾದಂಬರಿಯವು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ಕಟ್ಟಿದವು. ಈಗ ಆ ಮಾತು ಹೇಳಲು ನಾಲಿಗೆ ಏಳುತ್ತಿಲ್ಲ. ಅದು ಸುಳ್ಳು ಎನ್ನಲೂ ಏಳುತ್ತಿಲ್ಲ.

ಮೂಡಲಗಿಯ ಒಂದು ಶಾಲೆ ತನ್ನ ವಿಜ್ಞಾನ ಪ್ರದರ್ಶನಕ್ಕೆ ತಿಗರಿಯ ಮಾದರಿಯನ್ನು ಕೇಳಿತ್ತು. ಗೋಕಾಕದಲ್ಲಿ ಕಟ್ಟಿಗೆಯ ಹಣ್ಣುಗಳನ್ನು ಮಾಡುವ ಒಬ್ಬ ಹೆಂಗಸಿನ ಬಳಿಗೆ ನನ್ನ ಚಿತ್ರಗಳನ್ನು ಒಯ್ದೆ. ಮದುವೆಯಾಗಿ ಬಂದಂದಿನಿಂದ ಮಾವು, ಪೇರಲ, ಸೀತಾಫಲ ಕೆತ್ತಿ ಬಣ್ಣ ಹಚ್ಚಿದ ಕೈ ಆಕೆಯದು. ಮೂರು ವಾರ ಹೋಗಿ ಆಕೆಯ ಎದುರು ಕುಳಿತೆ, ಚಿಕ್ಕಮ್ಮನನ್ನು ಕರೆದಂತೆ 'ಕಾಕು' ಎಂದು ಕರೆದೆ, ಚಹಾ ಕುಡಿದೆ, ಗುರುತ್ವಾಕರ್ಷಣೆಯನ್ನು ವಿವರಿಸಿದೆ.

ಕಡೆಯ ದಿನ ಏಳೂ ಲೋಕಗಳು ಬುಟ್ಟಿಯಲ್ಲಿ ಸಿದ್ಧವಾಗಿದ್ದವು. ಬಣ್ಣಗಳು ನಾನು ಕಲ್ಪಿಸಿದ್ದಕ್ಕಿಂತ ಚೆಲುವಾಗಿದ್ದವು. ಆದರೆ ಪ್ರತಿ ಲೋಕದ ನೆತ್ತಿಯ ಮೇಲೂ ಒಂದು ತೊಟ್ಟು.

"ಕಾಕು, ಇವು ಹಣ್ಣಲ್ರಿ. ಆಕಾಶದಾಗ ತೇಲೂ ಲೋಕ."

"ತೇಲ್ಲಿ, ಯಾರ ಬ್ಯಾಡ ಅಂದ್ರು? ತೊಟ್ಟ ಇಲ್ಲಂದ್ರ ಬಣ್ಣಾ ಹಚ್ಚೂವಾಗ ನಾ ಎಲ್ಲಿ ಹಿಡೀಲಿ? ನಿಮ್ಮ ಆಕಾಶ ಬಂದು ಹಿಡಕೊಂಡ ನಿಂದರತೈತೇನು?"

"ಹಚ್ಚಿದ ಮ್ಯಾಲೆ ಕಡದ ಒಗೀಬೇಕಿತ್ರಿ."

"ಕಡದ್ರ ಆ ಜಾಗಾ ಬೋಳ ಕಾಣತೈತಿ. ಯಾರೋ ಹಿಡದಿದ್ರು ಅಂತ ಆಗೂ ಗೊತ್ತಾಗತೈತಿ. ಸುಮ್ನ ಒಯ್ರಿ ಮೇಡಂ."

ಸಿಟ್ಟು ಬರಬೇಕಿತ್ತು, ಬಂದದ್ದು ಗೊಂದಲ. ನನ್ನ ಅಷ್ಟೂ ಹಾಳೆಗಳಲ್ಲಿ ಆ ಲೋಕಗಳು ಯಾರ ಕೈಯ ಆಸರೆಯೂ ಇಲ್ಲದೆ, ತಮ್ಮಷ್ಟಕ್ಕೆ ತಾವೇ ಮೂಡಿದ್ದವು. ಅದು ನನ್ನ ಕಲ್ಪನೆಯ ಶಕ್ತಿಯೋ, ಕಲ್ಪನೆಯ ಸೋಮಾರಿತನವೋ? ಮೂಡಲಗಿಯ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ಯೋಚಿಸುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ಹೇಳದೆ ಕೇಳದೆ ಮೂರನೆಯ ಲೋಕವನ್ನು ಎತ್ತಿ ಮೂಸಿದಳು. "ಇನ್ನಾ ಕಾಯಿ ಐತಿ ತಂಗಿ" ಎಂದು ತಿರುಗಿ ಬುಟ್ಟಿಗಿಟ್ಟಳು.

ಶಾಲೆಯಲ್ಲಿ ಮೇಜಿನ ಮೇಲೆ ಅಚ್ಚಾದ ಚೀಟಿಯೊಂದು ಆಗಲೇ ಕುಳಿತಿತ್ತು. ಪರಿಕಲ್ಪನೆ ಎಂಬಲ್ಲಿ ನನ್ನ ಹೆಸರು. ನಿರ್ಮಾಣ ಎಂಬಲ್ಲಿ 'ಶಾಲೆಯ ವಿದ್ಯಾರ್ಥಿಗಳು'.

ಉಸ್ತುವಾರಿ ಹೊತ್ತಿದ್ದ ಮಾಸ್ತರನ್ನು ಎಲ್ಲರ ಮುಂದೆಯೇ ತರಾಟೆಗೆ ತೆಗೆದುಕೊಂಡೆ. ಈ ನಾಡಿನ ಪ್ರತಿ ಕಟ್ಟಡದ ಕಲ್ಲಿನ ಮೇಲೆ ಉದ್ಘಾಟಿಸಿದವರ ಹೆಸರಿದೆ, ಕಟ್ಟಿದವರದಿಲ್ಲ. ಆ ಕಳ್ಳತನವನ್ನು ಮಕ್ಕಳಿಗೆ ಇಷ್ಟು ಬೇಗ ಕಲಿಸಬೇಕೆ ಎಂದು ಕೇಳಿದೆ. ಇದಕ್ಕೆ ಯಾರು ಹೊಣೆ ಎಂದೂ ಕೇಳಿದೆ. ಅಂದು ಚೆನ್ನಾಗಿಯೇ ಮಾತನಾಡಿದೆನೆಂದು ಈಗಲೂ ಅನ್ನಿಸುತ್ತದೆ.

ಮಾಸ್ತರು ವಾದಿಸಲಿಲ್ಲ. "ಎಲ್ಲಾ ಮೇಜಿಗೂ ಒಂದ ನಮೂನಿ ಚೀಟಿ ಹೊಡಿಸಿದ್ವಿ ನೋಡ್ರಿ, ತಪ್ಪಾತು" ಎಂದು ಕಿಸೆಯಿಂದ ಪೆನ್ನು ತೆಗೆದರು. "ನೀವ ಹೇಳೂದು ಖರೆ ಐತಿ. ಹೇಳ್ರಿ ಅವರ ಹೆಸರು, ಈಗ ಬರದ ಬಿಡ್ತೇನಿ."

ನನಗೆ ಗೊತ್ತಿರಲಿಲ್ಲ.

ಫೋನಿನಲ್ಲಿ ಆಕೆಯ ನಂಬರನ್ನು 'ಗೊಂಬಿ ಕಾಕು' ಎಂದು ಇಟ್ಟುಕೊಂಡಿದ್ದೆ. ಮಾಸ್ತರ ಪೆನ್ನು ಕಾಯುತ್ತಿತ್ತು. ಪಡಸಾಲೆಗೆ ಬಂದು ಕರೆ ಮಾಡಿದೆ.

"ಕಾಕು, ನಿಮ್ಮ ಹೆಸರೇನ್ರಿ?"

ಆಚೆಯಿಂದ ನಗು ಕೇಳಿತು. "ಮೂರ ವಾರ ಚಹಾ ಕುಡದ್ರಿ, ಈಗ ನೆನಪಾತೇನು?" ಹೆಸರು ಹೇಳಿದಳು. ಮತ್ತೆ ತಾನೇ ಸೇರಿಸಿದಳು: "ತೊಟ್ಟ ಇಟ್ಟಾಕಿ ನಾನ ಅಂತನೂ ಬರೀರಿ. ಯಾರರೆ ತಪ್ಪ ಅಂದ್ರ ನನ್ನ ಕಡೆ ಕಳಸ್ರಿ. ನಿಮಗ್ಯಾಕ ಬೈಗಳಾ?"

ಎರಡನ್ನೂ ಮಾಸ್ತರು ಬರೆದರು. ಅವರ ತಪ್ಪು ಅರ್ಧ ನಿಮಿಷದಲ್ಲಿ ತಿದ್ದಿಹೋಯಿತು. ನನ್ನದನ್ನು ಯಾರೂ ಕೇಳಲಿಲ್ಲ. ಹೆಸರನ್ನು ಅಳಿಸುವುದೂ ಹೆಸರನ್ನು ಕೇಳದೇ ಇರುವುದೂ ಒಂದೇ ಅಪರಾಧವೆ? ನನ್ನದು ಸಣ್ಣದು ಎಂದು ಹೇಳಬೇಕೆನ್ನಿಸುತ್ತದೆ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಬಿಡುತ್ತಿರಲಿಲ್ಲ.

ಆಮೇಲೆ ಕಾದಂಬರಿ ಮುಂದೆ ಸಾಗಲಿಲ್ಲ. ಬರೆಯಹೋದರೆ ಪ್ರತಿ ಲೋಕಕ್ಕೂ ತೊಟ್ಟು ಮೂಡುತ್ತದೆ. ತೆಗೆದರೆ ಬೋಳು ಜಾಗ ಕಾಣುತ್ತದೆ. ಇಟ್ಟರೆ ಅದು ಯಾರ ತಿಗರಿ?

ಹೋದ ವಾರ ಗೋಕಾಕಕ್ಕೆ ಹೋಗಿ, ನಡೆದದ್ದನ್ನು ಬರೆಯುತ್ತೇನೆ, ನಿಮ್ಮ ಹೆಸರು ಹಾಕಲೇ ಎಂದು ಕೇಳಿದೆ. ಆಕೆ ಪೇರಲಕ್ಕೆ ಹಸಿರು ಹಚ್ಚುತ್ತಿದ್ದಳು.

"ಇದ್ರಾಗ ಬ್ಯಾಡ. ಆ ಚೀಟಿ ಮ್ಯಾಲೆ ನಾ ಮಾಡಿದ್ದಿತ್ತು, ಹೆಸರ ಕೊಟ್ಟೆ. ಇದನ್ನ ಮಾಡಾಕತ್ತಾಕಿ ನೀವು."

ಆದ್ದರಿಂದ ಇಲ್ಲಿ ಆಕೆಯ ಹೆಸರಿಲ್ಲ. ಆಕೆಯ ಮಾತನ್ನು ನಡೆಸಿದ್ದೇನೋ, ಮತ್ತೊಮ್ಮೆ ತಪ್ಪಿಸಿಕೊಂಡಿದ್ದೇನೋ, ನನಗೆ ಬಗೆಹರಿದಿಲ್ಲ.

"ಮತ್ತ ಕಾದಂಬರಿಯಾಗ್ರಿ?" ಎಂದು ಅಂದೇ ಕೇಳಿದ್ದೆ.

"ಅದನ್ನ ಓದಿ ಹೇಳ್ರಿ ಮೊದಲ. ಕೇಳಿ ನೋಡ್ತೇನಿ, ಹೆಸರ ಕೊಡೂ ಹಂಗ ಐತೋ ಇಲ್ಲೋ."

ನಿನ್ನೆ ಆಕೆಗೆ ಮೊದಲ ಅಧ್ಯಾಯ ಓದಿ ಹೇಳಿದೆ. ಹೆಸರು ಕೊಡುವ ಮಾತನ್ನು ಆಕೆ ಇನ್ನೂ ಎತ್ತಿಲ್ಲ.